ಕಾಶವ್ವನ ಜೀವಕೋಶಗಳು

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆಂದು ತೆಗೆದ ಜೀವಕೋಶಗಳು ಈಗ ಯಂತ್ರದಲ್ಲಿಟ್ಟ ಕೂಡಲೇ ತಾವೇ ಮಾತಾಡುತ್ತವೆ. ಆ ಮುಂಜಾನೆ ನರ್ಸ್ ಫರ್ಜಾನಾ ಮೊದಲು ಕಾಶವ್ವನ ಸೊಸೆ ವಿದ್ಯಾಳ ಮಾದರಿಯನ್ನು ಇಟ್ಟಳು. ಗಲಗಲ ಸದ್ದಿನ ನಡುವೆ "ಆರಾಮ ಅದೇವಿ" ಎಂಬುದು ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಅತ್ತೆ ಕಾಶವ್ವನದು. ಅವಳಿಗೆ ಎಪ್ಪತ್ತರ ಹತ್ತಿರ ವಯಸ್ಸು. ಯಂತ್ರ ಸುಮ್ಮನಿತ್ತು. ಫರ್ಜಾನಾ ಅದರ ದನಿ ಏರಿಸಿ ಕಿವಿಗೊಟ್ಟಳು.

"ಈ ಸಲನೂ ಜೀವಕೋಶ ಸಾಲಲಿಲ್ಲ ಅವ್ವಾ. ಮುಟ್ಟು ನಿಂತ ಮ್ಯಾಲೆ ಒಳಗ ಒಣಗಿರ್ತದ, ಬ್ರಶ್ಶಿಗೆ ಏನೂ ಹತ್ತೂದಿಲ್ಲ. ಮುಲಾಮು ಹಚ್ಚಿಕೊಂಡು ಮತ್ತ ಬರ್ರಿ."

"ಹೋದ ಸಲನೂ ಹಂಗ ಅಂದಿ. ರಕ್ತ ಹೋಗಾಕತ್ತೈತಿ ಅಂತ ನಾನ ಹೇಳಾಕತ್ತೇನಲ್ಲ."

"ನೀವು ಹೇಳಿದ್ರ ದೊಡ್ಡಾಸ್ಪತ್ರಿಯವರು ಒಳಗ ಬಿಡೂದಿಲ್ಲ. ನಿಮ್ಮ ಜೀವಕೋಶ ಹೇಳಬೇಕು."

"ನನ್ನ ಮಾದರಿನ ಅತ್ತಿ ಹೆಸರಿಲೆ ಕಳಸ್ರಿ" ಎಂದಳು ವಿದ್ಯಾ.

"ನಿನ್ನವು ಆರಾಮ ಅಂತಾವಲ್ಲವಾ. ಆಮೇಲೆ ಇವರನ್ನ ಯಾರೂ ನೋಡೂದಿಲ್ಲ."

ಕಾಶವ್ವ ಸೀರೆ ಸರಿಮಾಡಿಕೊಂಡು ಎದ್ದು, ಯಂತ್ರದ ಹತ್ತಿರ ಬಾಗಿದಳು.

"ಒಂದ ಮಾತರ ಆಡ್ರವಾ" ಎಂದು ಬೇಡಿಕೊಂಡಳು.

ಹೊರಗೆ ಸರದಿಯಲ್ಲಿದ್ದವರು ಬಾಗಿಲು ಬಡಿಯುವವರೆಗೂ ಮೂವರೂ ಯಂತ್ರಕ್ಕೆ ಕಿವಿಗೊಟ್ಟು ನಿಂತಿದ್ದರು.