ಕಡೇ ದಿನದ ಸಹಿ

"ಇವತ್ತೇ ಕಡೇ ದಿನ. ಹನ್ನೊಂದಕ್ಕೆ ಆಫೀಸಿನ ಹತ್ರ ಸಿಗೋಣ. ಎರಡು ಫೋಟೋ ತಂದಿರ್ತೀನಿ. ಇಲ್ಲ, ಮಗನಿಗೆ ಇನ್ನೂ ಹೇಳಿಲ್ಲ. ಕೇಳಿದ್ರೆ ಹಾರಾಡ್ತಾನೆ. ಸಹಿ ಆಗ್ಲಿ, ಆಮೇಲೆ ಹೇಳ್ತೀನಿ."

ಅಡುಗೆಮನೆಯ ಬಾಗಿಲ ಹೊರಗೆ ದಂತವೈದ್ಯ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟ. ಒಳಗೆ ತಾಯಿ ಫೋನನ್ನು ಮೆಲ್ಲಗೆ ಮಗುಚಿಟ್ಟ ಸದ್ದಾಯಿತು.

ಸರ್ಕಾರ ಡಿಜಿಟಲ್ ನಾಣ್ಯಗಳನ್ನು ನಿಷೇಧಿಸಲು ಹೊರಟು ತಿಂಗಳಾಗಿತ್ತು. ಜನ ಏನನ್ನುತ್ತಾರೋ ಹೇಳಲಿ ಎಂದು ಮೂವತ್ತು ದಿನ ಕೊಟ್ಟಿತ್ತು. ನಾಣ್ಯ ಕೊಂಡವರು ಆಡಳಿತ ಕಚೇರಿಗೆ ಖುದ್ದಾಗಿ ಬಂದು, ಸಹಿ ಹಾಕಿ ಆಕ್ಷೇಪಣೆ ಕೊಡಬಹುದು. ಸಹಿ ಹಾಕಿದವರ ಮನೆಗೆ ಮರುದಿನವೇ ತನಿಖೆಯವರು ಬರುತ್ತಾರೆಂದು ಗುಲ್ಲು. ಊರು ಇಬ್ಭಾಗವಾಗಿತ್ತು. ಬೇಕರಿಯವನು ನಿಷೇಧದ ಪರ, ಅವನ ಹೆಂಡತಿ ವಿರುದ್ಧ. ಬ್ರೆಡ್ಡಿಗೆ ಬಂದವರು ಅವರಿಬ್ಬರ ಜಗಳ ಬಿಡಿಸಿ, ಬ್ರೆಡ್ಡು ಮರೆತು ಹೋಗುತ್ತಿದ್ದರು. ದಂತವೈದ್ಯನಂತೂ ನಿಷೇಧದ ಕಟ್ಟಾ ಅಭಿಮಾನಿ. ಬಾಯಿ ತೆರೆದು ಮಲಗಿದವರು ಎದುರಾಡುವಂತಿಲ್ಲವಾದ್ದರಿಂದ ಈ ತಿಂಗಳು ಅವನು ಒಂದು ವಾದದಲ್ಲೂ ಸೋತಿರಲಿಲ್ಲ.

ಈಗ ನೋಡಿದರೆ ತನ್ನ ಮನೆಯೊಳಗೇ!

ಅವನಿಗೆ ಗುಮಾನಿ ಇದ್ದೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಎಂಟು ವರ್ಷ ಮನೆ ಬಿಟ್ಟು ಕದಲದಿದ್ದ ತಾಯಿ, ಹೋದ ವರ್ಷದಿಂದ ಲೈಬ್ರರಿಯಲ್ಲಿ ನಡೆಯುವ ಮೊಬೈಲ್ ತರಗತಿಗೆ ಹೋಗತೊಡಗಿದ್ದರು. ಹಿರಿಯರಿಗೆ ಅಲ್ಲಿ ಪಾಠ ಹೇಳುವವನು ಹಡಗಿನ ಎಂಜಿನಿಯರಾಗಿ ನಿವೃತ್ತನಾದ ಒಬ್ಬ ಆಸಾಮಿ; ಊರಿನವರ ಬಾಯಲ್ಲಿ ‘ಕ್ಯಾಪ್ಟನ್’. ಅವನ ಹತ್ತಿರ ಡಿಜಿಟಲ್ ನಾಣ್ಯ ಕೊಪ್ಪರಿಗೆಗಟ್ಟಲೆ ಇದೆಯೆಂದು ಸುದ್ದಿ. ತಾಯಿ ಈಗ ಫೋನ್ ನೋಡಿ ಒಬ್ಬರೇ ನಗುತ್ತಿದ್ದರು. ಮಗ ಬಂದರೆ ನಗು ನುಂಗಿಕೊಳ್ಳುತ್ತಿದ್ದರು.

ತಿಂಡಿಯ ಮೇಜಿನಲ್ಲಿ ಅವನು ನೇರವಾಗಿ ಕೇಳಿಬಿಟ್ಟ. "ಅಮ್ಮ, ಆ ಕ್ಯಾಪ್ಟನ್ ಮಾತು ಕಟ್ಕೊಂಡು ಏನಾದ್ರೂ ಇಳಿದುಬಿಟ್ಟಿದೀಯಾ?"

ತಾಯಿ ಲೋಟ ಕೆಳಗಿಟ್ಟರು. "ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳ್ಬೇಕಾಗಿಲ್ಲ. ಈ ವಯಸ್ಸಲ್ಲಿ ಇಂಥ ರಿಸ್ಕ್ ಬೇಕಾ?"

"ಈಗಲ್ದೆ ಇನ್ಯಾವಾಗ ಕಣೋ? ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟೋಳು ನಾನು. ಲೆಕ್ಕ ಹಾಕದೆ ಇಳೀತೀನಾ?"

"ನಾಳೆ ಎಲ್ಲಾ ಮುಳುಗಿಹೋದ್ರೆ?"

"ಮುಳುಗಿದ್ರೆ ಇಬ್ಬರೂ ಒಟ್ಟಿಗೇ ಮುಳುಗ್ತೀವಿ. ಅವರಿಗೆ ಈಜು ಬರುತ್ತೆ ಬಿಡು." ತಾಯಿ ಎದ್ದು ತಟ್ಟೆ ತೊಳೆಯತೊಡಗಿದರು. ಬೆನ್ನು ತಿರುಗಿಸಿಯೇ ಹೇಳಿದರು: "ನಿನಗೆ ಇಷ್ಟ ಆಗಲ್ಲ ಅಂತ ಗೊತ್ತಿತ್ತು. ಅದಕ್ಕೇ ಹೇಳ್ಲಿಲ್ಲ."

ಇಷ್ಟು ಹೇಳಿದ ಮೇಲೆ ತಾಯಿ ಹೋಗಲಿಕ್ಕಿಲ್ಲ ಎಂದು ಕ್ಲಿನಿಕ್ಕಿನಲ್ಲಿ ಅವನು ತನಗೆ ತಾನೇ ಹೇಳಿಕೊಂಡ. ಆದರೂ ತಾಯಿಯ ಪಿಂಚಣಿ, ಅಪ್ಪ ಬಿಟ್ಟುಹೋದ ಉಳಿತಾಯ ಎಲ್ಲವೂ ಕಣ್ಣ ಮುಂದೆ ಆವಿಯಾಗುತ್ತಿದ್ದವು. ಹನ್ನೊಂದೂಕಾಲಿಗೆ ಕುರ್ಚಿ ಹತ್ತಿದ ಟ್ಯಾಕ್ಸಿ ಡ್ರೈವರ್ ನಿಷೇಧದ ವಿರೋಧಿ. "ನನ್ನ ದುಡ್ಡು, ನನ್ನ ಹಣೆಬರಹ. ಸರ್ಕಾರಕ್ಕ್ಯಾಕೆ ಡಾಕ್ಟ್ರೇ ಹೊಟ್ಟೆನೋವು?" ಎಂದು ಅವನು ಶುರುಮಾಡುವಷ್ಟರಲ್ಲಿ ಸೂಜಿ ಒಸಡಿಗೆ ಇಳಿದಿತ್ತು.

ಮರಗಟ್ಟಿದ ನಾಲಿಗೆಯಲ್ಲೇ ಡ್ರೈವರ್ ಏನೋ ಗೊಣಗಿದ. ಮೂರನೇ ಸಲಕ್ಕೆ ಅರ್ಥವಾಯಿತು. "ನಿಮ್ಮ ತಾಯೀನ ಈಗ್ತಾನೆ ಆಡಳಿತ ಕಚೇರಿಗೆ ಬಿಟ್ಟು ಬಂದೆ. ಕ್ಯಾಪ್ಟನ್ನೂ ಇದ್ರು."

ತಟ್ಟೆಯಲ್ಲಿದ್ದ ಇಕ್ಕಳ ನೆಲಕ್ಕೆ ಬಿತ್ತು. "ಏಳು! ಗಾಡಿ ತೆಗಿ! ಹಲ್ಲು ಆಮೇಲೆ ನೋಡೋಣ!"

ಬಾಯಲ್ಲಿ ಹತ್ತಿ ಕಚ್ಚಿಕೊಂಡ ಡ್ರೈವರ್, ಕೈಗವಸು ಬಿಚ್ಚದ ದಂತವೈದ್ಯ. ದಾರಿಯ ಜನ ದಾರಿ ಬಿಟ್ಟರು. ಕಚೇರಿಯ ಅಂಗಳದಲ್ಲಿ ಜಾತ್ರೆಯಷ್ಟು ಜನ. "ನಿಷೇಧಿಸಿ!" ಎಂದು ಇತ್ತ, "ನಿಷೇಧ ಬೇಡ!" ಎಂದು ಅತ್ತ. ಕೂಗಿ ಗಂಟಲೊಣಗಿದ ಎರಡೂ ಕಡೆಯವರು ಒಂದೇ ಐಸ್‌ಕ್ರೀಮ್ ಗಾಡಿಯ ಮುಂದೆ ಸಾಲು ನಿಂತಿದ್ದರು. ಒಬ್ಬ ಮುದುಕ ಎರಡೂ ಫಲಕ ಹಿಡಿದಿದ್ದ. ಯಾವುದು ಗೆದ್ದರೂ ಮನೆಗೆ ಖುಷಿಯಾಗಿ ಹೋಗಬಹುದಂತೆ. ಆಕ್ಷೇಪಣೆಯ ಸಾಲಿನಲ್ಲಿ ತಾಯಿ ಕಾಣಲಿಲ್ಲ.

"ಕ್ಯಾಪ್ಟನ್ ಜೊತೆ ಬಂದೋರಾ?" ಎಂದ ಕಾವಲುಗಾರ. "ಮೇಲಿನ ಮಹಡಿ, ಕಡೇ ಕೋಣೆ. ಬೇಗ ಹೋಗಿ."

ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಅವನು ಬಾಗಿಲು ನೂಕಿದ. ಮೇಜಿನಾಚೆ ಕನ್ನಡಕದ ಅಧಿಕಾರಿಣಿ, ಈಚೆ ದಪ್ಪ ರಿಜಿಸ್ಟರು. ಕ್ಯಾಪ್ಟನ್ ಕೋಟು ತೊಟ್ಟು ಬೆವರುತ್ತ ಕೂತಿದ್ದ. ತಾಯಿಯ ಕೈಯಲ್ಲಿ ಪೆನ್ನು.

"ಅಮ್ಮಾ, ತಡಿ! ಸಹಿ ಹಾಕ್ಬೇಡ!"

ತಾಯಿ ಪೆನ್ನು ಕೆಳಗಿಟ್ಟರು. ಸಿಟ್ಟಾಗಲಿಲ್ಲ. "ನೀನು ಬೇಡ ಅಂದ್ರೆ ಈಗ್ಲೇ ಎದ್ದು ಬಂದ್ಬಿಡ್ತೀನಿ ಕಣೋ. ನಿನ್ನ ನೋಯಿಸಿ ನನಗೇನೂ ಬೇಡ. ಆದ್ರೆ ಒಂದು ಮಾತು. ನಿಮ್ಮಪ್ಪ ಹೋದ್ಮೇಲೆ, ಬೆಳಗ್ಗೆ ಯಾಕಾದ್ರೂ ಆಗುತ್ತೋ ಅಂತಿದ್ದೋಳು ನಾನು. ಈಗ ಯಾವಾಗ ಬೆಳಗಾಗುತ್ತೋ ಅಂತ ಕಾಯ್ತೀನಿ."

ದಂತವೈದ್ಯ ಆ ಮುಖವನ್ನೇ ನೋಡಿದ. ಒಂದು ವರ್ಷದಿಂದ ಮನೆಯಲ್ಲಿ ಕೇಳುತ್ತಿದ್ದ ಆ ನಗು ನೆನಪಾಯಿತು. ಹೋದರೆ ದುಡ್ಡು ತಾನೇ? ತನಿಖೆಯವರು ಬಂದರೆ ಬರಲಿ, ಎದುರಿಸಿದರಾಯಿತು. ತಿಂಗಳಿಡೀ ಮಾಡಿದ ವಾದಗಳನ್ನೆಲ್ಲ ಅವನು ಅಲ್ಲೇ ಗಂಟು ಕಟ್ಟಿ ಮೂಲೆಗಿಟ್ಟ.

"ನಿನಗೆ ಅಷ್ಟು ಖುಷಿ ಕೊಡೋದಾದ್ರೆ ಹಾಕಮ್ಮ," ಎಂದ. "ಏನೇ ಬಂದ್ರೂ ನಾನಿದೀನಿ."

ಕ್ಯಾಪ್ಟನ್ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡ. ತಾಯಿ ಗುಂಡಗಿನ ಅಕ್ಷರದಲ್ಲಿ ಸಹಿ ಹಾಕಿದರು.

ಅಧಿಕಾರಿಣಿ ನಕ್ಕು, ರಿಜಿಸ್ಟರನ್ನು ದಂತವೈದ್ಯನ ಕಡೆ ತಿರುಗಿಸಿದರು. "ಒಳ್ಳೇದಾಯ್ತು. ಇವರ ಅರ್ಜಿಯ ಗಡುವೂ ಇವತ್ತಿಗೇ ಮುಗೀತಿತ್ತು. ವರನ ಕಡೆಯ ಸಾಕ್ಷಿ ಆಗ್ಲೇ ಸಹಿ ಹಾಕಿ ಹೋಗಿದಾರೆ. ವಧುವಿನ ಕಡೆಯಿಂದ ಮಗನೇ ಹಾಕ್ಬಿಡಿ."