ಉಳಿದದ್ದು ಒಂದೇ ಮಾತು

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಗಂಡನ ಬಾಯಲ್ಲಿ ಉಳಿದದ್ದು ಒಂದೇ ಮಾತು: ‘ಸಾಕು.’ ಕೈಗಳಿಗೂ ಸ್ವಾಧೀನವಿರಲಿಲ್ಲ.

ಎರಡು ತುತ್ತು ಉಣಿಸುವಷ್ಟರಲ್ಲಿ ‘ಸಾಕು’ ಅನ್ನುತ್ತಿದ್ದ. ಒತ್ತಾಯ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಅವಳು ಬಟ್ಟಲು ಎತ್ತಿಬಿಡುತ್ತಿದ್ದಳು. ಆಗ ಅವನು ‘ಸಾಕು! ಸಾಕು!’ ಎಂದು ಕಿರುಚುತ್ತಿದ್ದ. ಪಕ್ಕದಲ್ಲಿ ಕೂತು ಹಣೆ ಸವರಿದರೂ ಅದೇ ಮಾತು. ತಾನೇ ಅವನಿಗೆ ಬೇಡವಾದೆ ಎಂದುಕೊಂಡು ಅವಳು ತನ್ನ ಹಾಸಿಗೆಯನ್ನು ಪಡಸಾಲೆಗೆ ಸಾಗಿಸಿದಳು. ಅವನನ್ನು ಬಿಟ್ಟು ಹೊಸಿಲು ದಾಟುವಂತಿರಲಿಲ್ಲ, ಅವನ ಬಳಿ ಕೂರುವಂತೆಯೂ ಇರಲಿಲ್ಲ.

ಒಂದು ಮಧ್ಯಾಹ್ನ ಅವನ ಸೋದರತ್ತೆ ನೋಡಲು ಬಂದರು. ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ತಾವೇ ಉಣಿಸಲು ಕೂತರು.

‘ಸಾಕು,’ ಅಂದ ಅವನು.

ಅವಳು ಬಟ್ಟಲಿಗೆ ಕೈಚಾಚಿದಳು. ‘ಅತ್ತಿ, ಬಿಡ್ರಿ. ಒತ್ತಾಯ ಮಾಡಬ್ಯಾಡ್ರಿ.’

‘ಹುಚ್ಚಿ! ಸಾಕಂದ ಕೂಡ್ಲೆ ಕೈ ತೆಗಿಯೋ ಮಂದಿ ಏನ ನಾವು? ನಮ್ಮ ಮನ್ಯಾಗ ಬಡಸೂದು ಸುರು ಆಗೂದ ಆವಾಗ.’

‘ಸಾಕು.’

‘ಹೌದಪಾ ಹೌದು. ಇದೊಂದು ತುತ್ತು.’

ತುತ್ತು ಮುಂದೆ ಬಂದಾಗಲೆಲ್ಲ ಅವನು ಬಾಯಿ ತೆರೆದ. ‘ಸಾಕು, ಸಾಕು’ ಎನ್ನುತ್ತಲೇ ಬಟ್ಟಲು ಬರಿದು ಮಾಡಿದ. ಬರಿದಾದ ಬಟ್ಟಲನ್ನು ನೋಡಿ ಇನ್ನೊಮ್ಮೆ ‘ಸಾಕು’ ಅಂದು, ಬಾಯಿ ತೆರೆದುಕೊಂಡೇ ಕಾದ.

‘ಎಷ್ಟ ಹಸದಿತ್ತವಾ ಕೂಸು!’ ಅಂದರು ಅತ್ತೆ.

ಅವಳು ಪಡಸಾಲೆಗೆ ಹೋದಳು. ಸುತ್ತಿಟ್ಟಿದ್ದ ತನ್ನ ಹಾಸಿಗೆಯನ್ನು ಹೊತ್ತು ತಂದು ಅವನ ಮಂಚದ ಬದಿಗೆ ಬಿಚ್ಚಿದಳು.

‘ಸಾಕು,’ ಅಂದ ಅವನು.

ಅವಳು ಹಾಸಿಗೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದಳು.