ಮಸೂರ ಕಾಳಿನ ಗುಂಡಿ

ಒತಿಲಿಯಾ ರಬ್ಬರ್ ದ್ರಾವಣಕ್ಕೆ ಗಟ್ಟಿಮಾಡುವ ಮದ್ದು ಬೆರೆಸಿ, ಗುಳ್ಳೆ ಏಳದಂತೆ ಮರದ ಚಮಚದಲ್ಲಿ ಮೆಲ್ಲಗೆ ತಿರುಗಿಸುತ್ತಿದ್ದಳು. ಅಡುಗೆಮನೆಯ ಮೇಜಿನ ಮೇಲೆ, ಹಲಗೆಗಳ ಚೌಕಟ್ಟಿನೊಳಗೆ, ಅವಳೇ ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದ್ದ ಮಾದರಿ ಮುಚ್ಚಳ ಕಾಯುತ್ತಿತ್ತು. ಮದ್ದು ಬಿದ್ದ ಮೇಲೆ ತಡಮಾಡುವಂತಿಲ್ಲ. ಮಾತಾಡುತ್ತ ನಿಂತರೆ ಬಟ್ಟಲಿನಲ್ಲೇ ಹೆಪ್ಪುಗಟ್ಟಿಬಿಡುತ್ತದೆ. ಸರಿಯಾಗಿ ಆ ಹೊತ್ತಿಗೇ ಗಂಡ ಹೆರಿಬೆರ್ತೊ ಬಾಗಿಲು ತಳ್ಳಿಕೊಂಡು ಬಂದ.

“ಸುರೀಬೇಡ ಕಣೇ ಮುದುಕಿ, ನಿಲ್ಸು! ಕಾಳೆಲ್ಲಿ?”

“ಯಾವ ಕಾಳು?”

“ಮುಚ್ಚಳದ ಮೇಲಿತ್ತಲ್ಲ, ಅದು!”

“ಕೆರೆದು ಬಿಸಾಕಿದೆ. ಮಾನ ಹೋಯ್ತು ಅಂತ ಮುಖ ಊದಿಸ್ಕೊಂಡು ಕೂತಿದ್ದು ನೀನೇ ತಾನೇ?”

ಅದೂ ನಿಜವೇ. ತಾರಸಿಯ ಟ್ಯಾಂಕು ತುಂಬಿದಾಗ ಕೂಗಿ ಎಚ್ಚರಿಸುವ ಪುಟ್ಟ ಯಂತ್ರ ಒತಿಲಿಯಾಳ ಕೈಕೆಲಸ. ಪ್ಯೂಬ್ಲಾ ಊರಿನ ಗಲ್ಲಿಗಲ್ಲಿಗಳಲ್ಲಿ ಅದನ್ನು ಮಾರುವ ಬಾಯಿ ಹೆರಿಬೆರ್ತೊನದು. ಅದಕ್ಕೊಂದು ಪ್ಲಾಸ್ಟಿಕ್ ಪೆಟ್ಟಿಗೆ ಬೇಕೆಂದು ಕಾರ್ಖಾನೆಗೆ ಹೋದರೆ, ಉಕ್ಕಿನ ಅಚ್ಚಿಗೇ ಒಂದು ಕಾರಿನ ಬೆಲೆ ಹೇಳಿ, ಸಾವಿರಗಟ್ಟಲೆ ಮಾಡಿಸುವುದಾದರೆ ಬನ್ನಿ ಎಂದು ಸಾಗಹಾಕಿದ್ದರು. ಹಾಗಾಗಿ ಅವಳು ಮನೆಯಲ್ಲೇ ರಬ್ಬರಿನ ಅಚ್ಚು ಎರೆದು, ಅದರೊಳಗೆ ಪ್ಲಾಸ್ಟಿಕ್ ರಾಳ ಸುರಿದು, ಒಂದೊಂದಾಗಿ ಪೆಟ್ಟಿಗೆ ತೆಗೆಯುವುದನ್ನು ಕಲಿತಳು. ಆದರೆ ರಬ್ಬರಿಗೆ ದಾಕ್ಷಿಣ್ಯವಿಲ್ಲ. ಮಾದರಿಯ ಮೇಲೆ ಒಂದು ಕೂದಲಿದ್ದರೂ ಹಾಗೆಯೇ ಅಚ್ಚೊತ್ತಿಕೊಳ್ಳುತ್ತದೆ. ಮೊದಲ ಅಚ್ಚು ಎರೆದದ್ದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಮಾಂಸ ಮುಟ್ಟದ ದಿನ. ಸಾರಿಗೆಂದು ಅದೇ ಮೇಜಿನ ಮೇಲೆ ಮಸೂರ ಕಾಳು ಆರಿಸಿದ್ದಳು. ಒಂದು ಕಾಳು ಮುಚ್ಚಳಕ್ಕೆ ಅಂಟಿಕೊಂಡದ್ದು ಕಣ್ಣಿಗೆ ಬೀಳಲಿಲ್ಲ. ಆ ಅಚ್ಚು ಹರಿದುಹೋಗುವವರೆಗೆ ಹುಟ್ಟಿದ ಪೆಟ್ಟಿಗೆಗಳೆಲ್ಲ ಹಣೆಯ ಮೇಲೊಂದು ಮಸೂರ ಕಾಳು ಹೊತ್ತೇ ಹುಟ್ಟಿದವು.

“ಅದು ಕಾಳಲ್ಲ, ಗುಂಡಿ!” ಹೆರಿಬೆರ್ತೊ ಕುರ್ಚಿ ಎಳೆದುಕೊಂಡ. “ಜನ ಅದನ್ನ ಒತ್ತಿ ಕೂಗು ನಿಲ್ಲಿಸ್ತಿದಾರೆ.”

“ಒಂದಿಷ್ಟು ಹೊತ್ತು ಕೂಗಿ ಅದು ತಾನಾಗೇ ಸುಮ್ಮನಾಗುತ್ತೆ. ನಾನೇ ಹಾಗೆ ಮಾಡಿದ್ದು.”

“ಅದು ನಿನಗೂ ನನಗೂ ಗೊತ್ತು. ಹಾರ್ಡ್‌ವೇರ್ ಅಂಗಡಿ ದೊನ್ ಎವೇಲಿಯೋಗೆ ಗೊತ್ತಿಲ್ಲ. ಗುಂಡಿ ಇದ್ರೆ ಅಷ್ಟೂ ಪೆಟ್ಟಿಗೆ ನನಗೇ ಇರಲಿ, ಇಲ್ದಿದ್ರೆ ಒಂದೂ ಬೇಡ ಅಂದ. ಜಪಾನಿಂದ ತರಿಸಿದ ಗುಂಡಿ ಅಂತ ಹೇಳಿ ಬಂದಿದೀನಿ.”

“ಜಪಾನಿನವರೂ ಶುಕ್ರವಾರ ಮಸೂರದ ಸಾರು ಮಾಡ್ತಾರಾ? ನನ್ನ ಕೈಯಿಂದ ಸುಳ್ಳು ಗುಂಡಿ ಹೊರಗೆ ಹೋಗೋದಿಲ್ಲ.”

ಬಟ್ಟಲಿನಲ್ಲಿ ಚಮಚ ಆಗಲೇ ಭಾರವಾಗತೊಡಗಿತ್ತು. ಅವಳು ಬಟ್ಟಲೆತ್ತಿ ಇನ್ನೇನು ಬಗ್ಗಿಸಬೇಕು, ತೆರೆದೇ ಇದ್ದ ಬಾಗಿಲಲ್ಲಿ ಪಕ್ಕದ ಮನೆಯ ದೊನ್ಯಾ ರೆಮೆದಿಯೋಸ್ ಕಾಣಿಸಿಕೊಂಡಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಅದರ ತುಂಬ ಬಿಸಿ ರೊಟ್ಟಿ.

“ತಗೋ ಮಗಳೇ, ನಿನಗೇ ತಂದೆ. ಆ ನಿನ್ನ ಗುಂಡಿ ಇದೆಯಲ್ಲ, ಅದಕ್ಕೆ!”

“ದೊನ್ಯಾ, ಆ ಗುಂಡಿ ಇದೆಯಲ್ಲ, ಅದು...”

“ನನಗೆ ಹೇಳಿಕೊಡ್ತೀಯಾ ಅದರ ಗುಟ್ಟು? ಮೆತ್ತಗೆ ಒತ್ತಬೇಕು, ಮಗೂ ಕೆನ್ನೆ ಮುಟ್ಟಿದ ಹಾಗೆ. ಮುಟ್ಟಿ ಒಂದು ಜಪ ಹೇಳಿಕೊಂಡ್ರೆ ಸಾಕು, ನಿಂತುಹೋಗುತ್ತೆ. ನಮ್ಮನೆಯವನು ಗುದ್ದುತಾನೆ! ಗುದ್ದಿದಷ್ಟೂ ಅದು ಕೂಗುತ್ತೆ. ನನಗೆ ಟಿವಿ ಹಾಕೋಕೆ ಬರೋದಿಲ್ಲ, ಫೋನ್ ಹಿಡಿಯೋಕೂ ಬರೋದಿಲ್ಲ ಅಂತ ಮದುವೆಯಾದ ದಿನದಿಂದ ಹಂಗಿಸಿದ ಗಂಡಸು, ನಿನ್ನೆ ತಾರಸಿಯಿಂದ ‘ರೆಮೆದಿಯೋಸ್, ನೀನೇ ಬಾರೇ’ ಅಂತ ಕಿರುಚಿದ. ಬೀದಿಗೆಲ್ಲ ಕೇಳಿಸ್ತು!”

ಅವಳು ತೋರುಬೆರಳೆತ್ತಿ, ಇಲ್ಲದ ಗುಂಡಿಯನ್ನು ಗಾಳಿಯಲ್ಲೇ ಒಮ್ಮೆ ಒತ್ತಿ ತೋರಿಸಿದಳು. ಮುಖ ಬೆಳಗುತ್ತಿತ್ತು. ಹೆರಿಬೆರ್ತೊ ಸೂರು ನೋಡುತ್ತ ಕೂತಿದ್ದ. ಒತಿಲಿಯಾ ಒಮ್ಮೆ ಆ ಬೆರಳನ್ನೂ ಒಮ್ಮೆ ಬೋಳು ಮುಚ್ಚಳವನ್ನೂ ನೋಡಿದಳು. ಬಟ್ಟಲನ್ನು ಕೆಳಗಿಟ್ಟು ಡಬ್ಬಿಯಿಂದ ಒಂದು ಹಿಡಿ ಮಸೂರ ಕಾಳು ತೆಗೆದಳು. ಸುಕ್ಕಿಲ್ಲದ, ಗುಂಡಗಿನ ಒಂದನ್ನು ಆರಿಸಿ, ಅಂಟು ಹಚ್ಚಿ ಮುಚ್ಚಳದ ಮೇಲೆ ಕೂರಿಸಿದಳು.

“ಕಾಳು ಯಾಕೆ ಅದಕ್ಕೆ?” ಎಂದಳು ರೆಮೆದಿಯೋಸ್.

“ಜಾಗದ ಗುರುತಿಗೆ” ಎಂದು ಹೇಳಿ ಒತಿಲಿಯಾ ಬಟ್ಟಲು ಬಗ್ಗಿಸಿದಳು. ಜೇನಿನಂತೆ ಇಳಿಯಬೇಕಿದ್ದ ರಬ್ಬರ್ ಗಂಜಿಯಂತೆ ಇಳಿಯಿತು. ಹೇಗೋ ಕಾಳು ಮುಳುಗಿತು.

ಹೆರಿಬೆರ್ತೊ ಅಂಗಡಿಗೆ ಸುದ್ದಿ ಮುಟ್ಟಿಸಲು ಓಡಿದ. ರೆಮೆದಿಯೋಸ್ ಖಾಲಿ ತಟ್ಟೆ ಹಿಡಿದು ಮನೆಗೆ ಹೋದಳು. ಒತಿಲಿಯಾ ಬೆಚ್ಚಗಿನ ರೊಟ್ಟಿಯೊಂದನ್ನು ಮುರಿದು ಬಾಯಿಗಿಟ್ಟುಕೊಂಡು, ಮಾರದೆ ಉಳಿದಿದ್ದ ಹಳೆಯ ಪೆಟ್ಟಿಗೆಯೊಂದನ್ನು ಬಿಚ್ಚಿ ನೋಡಿದಳು. ಕಾಳಿನ ಕೆಳಗೆ ಜಾಗವಿತ್ತು. ಅದರ ಸುತ್ತ ಸಣ್ಣ ಗರಗಸದಿಂದ ಲಾಳದ ಆಕಾರಕ್ಕೆ ಸೀಳಿದರೆ ಪ್ಲಾಸ್ಟಿಕ್ಕು ಒತ್ತಿದಾಗ ಬಗ್ಗುತ್ತದೆ. ಅಡಿಯಲ್ಲಿ ಒಂದು ಪುಟ್ಟ ಸ್ವಿಚ್ಚು ಕೂರುತ್ತದೆ. ಪೆಟ್ಟಿಗೆಗೊಂದರಂತೆ ಎಲ್ಲಕ್ಕೂ ಸೀಳಬೇಕು, ಸ್ವಿಚ್ಚು ಬೆಸೆಯಬೇಕು; ಕೆಲಸ ಇಮ್ಮಡಿ. ಗಂಡನಿಗೆ ಹೇಳಬೇಕಾಗಿಯೂ ಇರಲಿಲ್ಲ. ಅವನು ಪೆಟ್ಟಿಗೆ ಮಾರುವವನೇ ಹೊರತು ಬಿಚ್ಚಿ ನೋಡುವವನಲ್ಲ.

ಮೆತ್ತಗೆ ಒಮ್ಮೆ ಒತ್ತಿದರೆ ನಿಲ್ಲಬೇಕು ಎಂದುಕೊಂಡಳು. ಒಂದರ ಮೇಲೊಂದು ಗುದ್ದಿದರೆ, ಮತ್ತೆ ಮೊದಲಿನಿಂದ ಕೂಗಬೇಕು.